ವಾರ್ಮ್ ಬಾಡೀಸ್ ಬ್ಲೂ-ರೇ: ಮಾತು ಹೊರಗೆ ಬರದ ಜಾಂಬಿ ಹುಡುಗನ ಲವ್ ಸ್ಟೋರಿ

ಪಾಳುಬಿದ್ದ ಏರ್‌ಪೋರ್ಟಲ್ಲಿ ಒಬ್ಬ ಜಾಂಬಿ ಹುಡುಗ ಕಾಲೆಳ್ಕೊಂಡು ಹೋಗ್ತಿರ್ತಾನೆ, ಮೈಮೇಲೆ ಕೆಂಪು ಹೂಡಿ (ಟೋಪಿ ಇರೋ ಜಾಕೆಟ್), ಬಿಳಿಚಿಕೊಂಡ ಮುಖ, ಬೆನ್ನು ಬಗ್ಗಿ ಹೋಗಿದೆ. ಬಾಯಿಂದ ಬರೋದು ಬರೀ ಉರ್ ಅನ್ನೋ ಸದ್ದು. ಆದ್ರೆ ತಲೆ ಒಳಗೆ ಮಾತು ನಿಲ್ಲೋದೇ ಇಲ್ಲ. ನಾನ್ಯಾಕೆ ಇಷ್ಟು ಬಿಳಿಚ್ಕೊಂಡಿದೀನಿ, ಸ್ವಲ್ಪ ಒಳ್ಳೇದೇನಾದ್ರೂ ತಿನ್ಬೇಕು, ನೆಟ್ಟಗೆ ನಿಂತ್ಕೊಳ್ಬೇಕು, ಜನರ ಜೊತೆ ಬೆರೆಯೋಕೆ ನನಗ್ಯಾಕೆ ಆಗ್ತಿಲ್ಲ, ಓ ಸರಿ, ನಾನು ಸತ್ತಿದೀನಲ್ಲ ಅದಕ್ಕೆ, ಹೀಗೆ ಅವನ ಯೋಚನೆ ಓಡ್ತಾನೇ ಇರುತ್ತೆ. ಮೊದಲ ಎರಡು ನಿಮಿಷದಲ್ಲೇ ಈ ಸಿನಿಮಾ ನಮ್ಮನ್ನ ಹಿಡ್ಕೊಂಡುಬಿಡುತ್ತೆ. ಹದಿನಾರು ಹದಿನೇಳು ವಯಸ್ಸಲ್ಲಿ ಇಷ್ಟಪಟ್ಟ ಹುಡುಗಿ ಎದುರು ನಿಂತಾಗ ಒಳಗೆ ಪುಟಗಟ್ಟಲೆ ಡೈಲಾಗ್ ರೆಡಿ ಇದ್ದು ಬಾಯಿಂದ ಒಂದಕ್ಷರ ಹೊರಡದೇ ಇದ್ದ ಎಲ್ಲರಿಗೂ ಇವನು ಯಾರು ಅಂತ ಗೊತ್ತು. ಒಳಗಿನ ಮಾತಿಗೂ ಹೊರಗಿನ ಮೌನಕ್ಕೂ ಇರೋ ಈ ದೂರ ಎಷ್ಟೆಷ್ಟು ಕಮ್ಮಿ ಆಗ್ತಾ ಹೋಗುತ್ತೆ ಅನ್ನೋದೇ ವಾರ್ಮ್ ಬಾಡೀಸ್‌ನ ಪೂರ್ತಿ ಕಥೆ ಅಂತ ನನಗನ್ಸುತ್ತೆ, ಜಾಂಬಿ ಗಿಂಬಿ ಎಲ್ಲ ಆಮೇಲೆ.

ಸಿನಿಮಾ ಅಮೆರಿಕದಲ್ಲಿ ಬಿಡುಗಡೆ ಆಗಿದ್ದು 2013ರ ಫೆಬ್ರವರಿ 1ಕ್ಕೆ, ಡಿವಿಡಿ ಮತ್ತೆ ಅದಕ್ಕಿಂತ ಸ್ಪಷ್ಟ ಚಿತ್ರ ಕೊಡೋ ಬ್ಲೂ-ರೇ ಡಿಸ್ಕ್ ಬಂದಿದ್ದು ಅದೇ ವರ್ಷ ಜೂನ್ 4ಕ್ಕೆ. ಡೈರೆಕ್ಟರ್ ಜೊನಾಥನ್ ಲೆವೀನ್. ಇದಕ್ಕೆ ಮುಂಚೆ 2011ರಲ್ಲಿ ಕ್ಯಾನ್ಸರ್ ಬಂದ ಒಬ್ಬ ಯುವಕನ ಕಥೇನ ಕಾಮಿಡಿಯಾಗಿ ಮಾಡಿದ್ದ ಮನುಷ್ಯ, ಹಾಗಾಗಿ ಸಾವನ್ನ ಪಕ್ಕದಲ್ಲೇ ಕೂರಿಸ್ಕೊಂಡು ನಗಿಸೋದು ಇವನಿಗೆ ಹೊಸದೇನಲ್ಲ. ಮೂಲ ಐಸಾಕ್ ಮೇರಿಯನ್ ಬರೆದ ಕಾದಂಬರಿ. ಬಜೆಟ್ ಸುಮಾರು 3.5 ಕೋಟಿ ಡಾಲರ್, ಪ್ರಪಂಚದಾದ್ಯಂತ ಗಳಿಸಿದ್ದು ಹತ್ತಿರ ಹತ್ತಿರ 11.7 ಕೋಟಿ. ಇಷ್ಟಾದ್ರೂ ಇದನ್ನ ನೋಡದೇ ಬಿಟ್ಟವರು ತುಂಬಾ ಜನ ಇದಾರೆ, ಅದಕ್ಕೊಂದು ಕಾರಣನೂ ಇದೆ. ರಕ್ತಪಿಶಾಚಿ ಹುಡುಗನ ಲವ್ ಸ್ಟೋರಿ ಟ್ವೈಲೈಟ್ ಸರಣಿ ಮಾಡಿದ ಸಮ್ಮಿಟ್ ಕಂಪನಿದೇ ಈ ಸಿನಿಮಾನೂ, ಆ ಸರಣಿಯ ಕೊನೇ ಭಾಗ ಬಂದು ಮೂರು ತಿಂಗಳು ಕಳೆಯೋ ಮುಂಚೆನೇ ಇದು ಬಂತು, ಪೋಸ್ಟರ್ ನೋಡಿದ್ರೆ ಬಿಳಿಚಿದ ಹುಡುಗ, ಚಂದದ ಹುಡುಗಿ. ಓಹೋ ರಕ್ತಪಿಶಾಚಿ ಹೋಗಿ ಜಾಂಬಿ ಬಂತು ಅಷ್ಟೇ ಅಂತ ಜನ ಆ ಕಡೆ ತಿರುಗಿಯೂ ನೋಡ್ಲಿಲ್ಲ. ದಯವಿಟ್ಟು ಆ ಲೆಕ್ಕದಲ್ಲಿ ಇದನ್ನ ಬಿಡ್ಬೇಡಿ, ಎರಡರ ಸ್ವಭಾವನೇ ಬೇರೆ. ಇದು ತನ್ನ ಹುಡುಗನ್ನ ಯಾವತ್ತೂ ದೊಡ್ಡ ಹೀರೋ ಥರ ತೋರ್ಸಲ್ಲ, ಅವನಿಗೆ ಸೂಪರ್ ಪವರ್ ಇಲ್ಲ, ನೆಟ್ಟಗೆ ನಡೆಯೋಕೂ ಬರಲ್ಲ ಪಾಪ.

ಕಥೆ ಹೇಳ್ಬಿಡ್ತೀನಿ, ಕೊನೆ ಬಿಟ್ಟು. ಪ್ರಪಂಚ ಮುಳುಗಿ ಎಂಟು ವರ್ಷ ಆಗಿದೆ. ಬದುಕಿರೋ ಮನುಷ್ಯರು ದೊಡ್ಡ ಗೋಡೆ ಕಟ್ಕೊಂಡು ಅದರೊಳಗೆ ಸೇರ್ಕೊಂಡಿದಾರೆ, ಸತ್ತವರು ಹೊರಗೆ ಅಲೀತಿದಾರೆ. ನಮ್ಮ ಹುಡುಗನಿಗೆ ತನ್ನ ಹೆಸರು ಮರ್ತೋಗಿದೆ, ಆರ್ ಅನ್ನೋ ಅಕ್ಷರದಿಂದ ಶುರು ಆಗ್ತಿತ್ತು ಅನ್ನೋದಷ್ಟೇ ನೆನಪು, ಹಾಗಾಗಿ ಅವನು ಬರೀ ಆರ್. ಏರ್‌ಪೋರ್ಟಲ್ಲಿ ನಿಂತುಹೋಗಿರೋ ಒಂದು ವಿಮಾನನೇ ಅವನ ಮನೆ, ಅಲ್ಲಿ ಇಲ್ಲಿ ಸಿಕ್ಕಿದ ಆಟಿಕೆ, ಗಾಜಿನ ಗೋಳ, ಹಳೇ ಎಲ್‌ಪಿ ರೆಕಾರ್ಡು ಎಲ್ಲ ತಂದು ತುಂಬ್ಕೊಂಡಿದಾನೆ. ಒಂದಿನ ಊಟ ಹುಡ್ಕೊಂಡು, ಅಂದ್ರೆ ಮನುಷ್ಯರನ್ನ ಹುಡ್ಕೊಂಡು, ಗುಂಪಾಗಿ ಸಿಟಿಗೆ ಹೋದಾಗ ಔಷಧಿ ತಗೊಂಡು ಹೋಗೋಕೆ ಬಂದಿದ್ದ ಹುಡುಗ ಹುಡುಗೀರ ತಂಡ ಸಿಗುತ್ತೆ. ಆರ್ ಅಲ್ಲಿ ಪೆರಿ ಅನ್ನೋ ಹುಡುಗನ್ನ ಕೊಂದು ಅವನ ಮಿದುಳು ತಿಂತಾನೆ. ಈ ಕಥೆಯಲ್ಲಿ ಮಿದುಳು ತಿಂದ್ರೆ ಸತ್ತವನ ನೆನಪುಗಳೂ ಒಳಗೆ ಬಂದ್ಬಿಡ್ತವೆ, ಜಾಂಬಿಗಳಿಗೆ ಅದೊಂದೇ ಕನಸು ಇದ್ದಂಗೆ, ಯಾಕಂದ್ರೆ ಅವಕ್ಕೆ ನಿದ್ದೆ ಬರಲ್ಲ. ಪೆರಿ ಪ್ರೀತಿಸ್ತಿದ್ದ ಜೂಲಿ ಅಲ್ಲೇ ನಿಂತಿದಾಳೆ. ಆರ್ ಅವಳನ್ನ ತಿನ್ನಲ್ಲ, ತನ್ನ ರಕ್ತ ಅವಳ ಮುಖಕ್ಕೆ ಸವರಿ ಬದುಕಿರೋ ವಾಸನೆ ಮುಚ್ಚಿ ಕಾಪಾಡಿ ತನ್ನ ವಿಮಾನಕ್ಕೆ ಕರ್ಕೊಂಡು ಬರ್ತಾನೆ.

ಕೇಳೋಕೆ ಅಸಹ್ಯವಾಗಿದೆ ಅಲ್ವಾ. ನೋಡೋವಾಗ ಹಾಗನ್ಸಲ್ಲ, ಅದಕ್ಕೆ ಮುಖ್ಯ ಕಾರಣ ಆರ್ ಪಾತ್ರ ಮಾಡಿರೋ ನಿಕೋಲಸ್ ಹೋಲ್ಟ್. ಬ್ರಿಟಿಷ್ ಹುಡುಗ, ಚಿಕ್ಕವನಿದ್ದಾಗಿಂದ ನಟಿಸ್ತಾ ಬಂದವನು, ಇಲ್ಲಿ ಅಮೆರಿಕನ್ ಥರ ಮಾತಾಡ್ತಾನೆ, ಅದೂ ಬಹುಪಾಲು ಹಿನ್ನೆಲೆ ದನಿಯಲ್ಲೇ. ಮುಖದ ಮೇಲೆ ಮೇಕಪ್ ದಪ್ಪಗಿದೆ, ಮಾತಿಲ್ಲ, ನಡೆಯೋದು ನಿಧಾನ, ಅಂದ್ರೆ ಒಬ್ಬ ನಟನ ಹತ್ರ ಇರೋ ಎಲ್ಲಾ ಸಾಮಾನನ್ನೂ ಕಿತ್ಕೊಂಡಂಗೆ. ಉಳಿಯೋದು ಕಣ್ಣು ಮತ್ತೆ ಭುಜ. ಆ ಭುಜದಲ್ಲೇ ಎಷ್ಟು ಮಾಡ್ತಾನೆ ನೋಡಿ! ಜೂಲಿ ಏನಾದ್ರೂ ಕೇಳಿದ್ರೆ ಒಂದು ಸಣ್ಣ ಶ್ರಗ್, ಅದೇ ಉತ್ತರ, ಆ ಶ್ರಗ್ ಸಿನಿಮಾ ಉದ್ದಕ್ಕೂ ಬೇರೆ ಬೇರೆ ಅರ್ಥ ತಗೊಳ್ತಾ ಹೋಗುತ್ತೆ. ಜಾಂಬಿ ನಡಿಗೆಗೆ ಅಂತ ನಟರು ಸರ್ಕ್ ದು ಸೊಲೆಯ್ ಸರ್ಕಸ್ ಕಂಪನಿ ಕಲಾವಿದರ ಜೊತೆ ಅಭ್ಯಾಸ ಮಾಡಿದಾರೆ, ಅದು ಕೆನಡಾದ ಮಾಂಟ್ರಿಯಲ್‌ನದ್ದೇ ಕಂಪನಿ, ಸಿನಿಮಾ ಶೂಟಿಂಗ್ ಆಗಿದ್ದೂ ಮಾಂಟ್ರಿಯಲ್ ಸುತ್ತಮುತ್ತಾನೇ. ಇದು ಗೊತ್ತಾದ ಮೇಲೆ ಎರಡನೇ ಸಲ ನೋಡಿದ್ರೆ ಆರ್ ಮೈ ಸೀನಿಂದ ಸೀನಿಗೆ ಹೆಂಗೆ ಸಡಿಲ ಆಗ್ತಾ ಬರುತ್ತೆ, ಕುತ್ತಿಗೆ ಯಾವಾಗ ನೆಟ್ಟಗಾಗುತ್ತೆ, ಬೆರಳು ಯಾವಾಗ ಬಿಚ್ಕೊಳ್ಳುತ್ತೆ ಅಂತ ಬರೀ ಅದನ್ನೇ ನೋಡ್ತಾ ಕೂರ್ಬಹುದು, ಡಿಸ್ಕ್ ಕೈಯಲ್ಲಿದ್ರೆ ಹಿಂದಕ್ಕೆ ಹೋಗಿ ಪಕ್ಕಪಕ್ಕ ಹೋಲಿಸಿನೂ ನೋಡ್ಬಹುದು.

ಆರ್‌ನ ದೋಸ್ತ್ ಎಂ ಆಗಿ ರಾಬ್ ಕಾರ್ಡ್ರಿ ಇದಾನೆ. ಇವರಿಬ್ಬರೂ ಏರ್‌ಪೋರ್ಟ್ ಬಾರ್ ಕೌಂಟರಲ್ಲಿ ಅಕ್ಕಪಕ್ಕ ಕೂತು ಒಬ್ಬರಿಗೊಬ್ಬರು ಗುರುಗುಟ್ಟೋ ಸೀನ್ ನನಗೆ ಇಡೀ ಸಿನಿಮಾದಲ್ಲೇ ತುಂಬಾ ಇಷ್ಟ. ಮಾತೇ ಇಲ್ಲ, ಆದ್ರೆ ಅದು ಸ್ನೇಹ ಅಂತ ಯಾರಿಗೂ ಬಿಡಿಸಿ ಹೇಳ್ಬೇಕಾಗಿಲ್ಲ. ಕಾರ್ಡ್ರಿ ಮೂಲತಃ ಕಾಮಿಡಿ ನಟ, ಬೇಕಿದ್ರೆ ಪ್ರತಿ ಸೀನಲ್ಲೂ ನಗಿಸೋಕೆ ಒದ್ದಾಡ್ಬಹುದಿತ್ತು, ಹಾಗೆ ಮಾಡಿಲ್ಲ, ದುಃಖಾನ ಮುಖದಲ್ಲಿಟ್ಕೊಂಡು ನಗು ತನ್ನಷ್ಟಕ್ಕೆ ಬರೋ ಹಾಗೆ ಬಿಟ್ಟಿದಾನೆ. ಆರ್ ಮತ್ತೆ ಜೂಲಿ ಕೈ ಹಿಡ್ಕೊಂಡಿರೋದನ್ನ ನೋಡಿ ಎಂ ಎದೇಲೂ ಏನೋ ಮಿಣುಕುತ್ತಲ್ಲ, ಅಲ್ಲಿಂದ ಈ ಸಿನಿಮಾ ಇಬ್ಬರ ಪ್ರೇಮಕಥೆ ಅನ್ನೋದನ್ನ ದಾಟಿ ಒಂದು ಇಡೀ ಗುಂಪು ಬದುಕಿಗೆ ವಾಪಸ್ ಬರೋ ಕಥೆ ಆಗುತ್ತೆ. ಜೂಲಿ ಆಗಿ ತೆರೇಸಾ ಪಾಮರ್ ಧೈರ್ಯವಾಗಿ ಮಾಡಿದಾಳೆ, ಅಳ್ತಾ ಕೂರೋ ಹುಡುಗಿ ಅಲ್ಲ, ತಪ್ಪಿಸ್ಕೊಳ್ಳೋಕೆ ದಾರಿ ಹುಡುಕ್ತಾನೇ ಇರ್ತಾಳೆ. ಅವಳ ಫ್ರೆಂಡ್ ನೋರಾ ಆಗಿ ಅನಲೀ ಟಿಪ್ಟನ್ ಬರೋದು ಸ್ವಲ್ಪ ಹೊತ್ತೇ, ಆದ್ರೆ ಬಂದಾಗೆಲ್ಲ ಸಿನಿಮಾಗೆ ಗಾಳಿ ಬೆಳಕು ಬಂದಂಗೆ ಆಗುತ್ತೆ.

ಆರ್, ಜೂಲಿ, ಪೆರಿ, ಎಂ ಅಂತ ಹೆಸರು ಸಾಲಾಗಿಟ್ಟು ನೋಡಿದ್ರೆ ಗೊತ್ತಾಗೇ ಹೋಗುತ್ತೆ, ಶೇಕ್ಸ್‌ಪಿಯರ್ ನಾಟಕದ ರೋಮಿಯೋ, ಜೂಲಿಯೆಟ್, ಪ್ಯಾರಿಸ್, ಮರ್ಕ್ಯೂಶಿಯೋ. ಜೂಲಿಯೆಟ್‌ಳ ದಾದಿ ಜಾಗದಲ್ಲಿ ನರ್ಸ್ ಆಗೋ ಆಸೆ ಇರೋ ನೋರಾ. ಎರಡು ಮನೆತನಗಳ ದ್ವೇಷದ ಬದಲು ಬದುಕಿರೋರು ಮತ್ತೆ ಸತ್ತವರು. ಬಾಲ್ಕನಿ ಸೀನ್ ಕೂಡ ಇದೆ, ಜೂಲಿ ಮೇಲೆ ನಿಂತು ತನ್ನಷ್ಟಕ್ಕೆ ಮಾತಾಡ್ಕೊತಿರ್ತಾಳೆ, ಕೆಳಗೆ ಕತ್ತಲಲ್ಲಿ ಜಾಂಬಿ ನಿಂತಿರ್ತಾನೆ. ನನಗೆ ಇದನ್ನ ನೋಡಿದಾಗೆಲ್ಲ ನಮ್ಮ ರಾಮವರ್ಮ ಲೀಲಾವತಿ ನೆನಪಾಗುತ್ತೆ. ಹತ್ತೊಂಬತ್ತನೇ ಶತಮಾನದ ಕೊನೇ ಹೊತ್ತಿಗೆ ಕನ್ನಡಕ್ಕೆ ಬಂದ ರೋಮಿಯೋ ಜೂಲಿಯೆಟ್ ಅದು, ಪ್ರೇಮಿಗಳು ಸತ್ತು ಮಲಗೋ ಕೊನೇನ ನಮ್ಮವರು ಒಪ್ಪಲಿಲ್ಲ, ನಾಟಕಾನ ಸುಖಾಂತ ಮಾಡಿಬಿಟ್ರು. ಶೇಕ್ಸ್‌ಪಿಯರ್‌ನ ಕೆಡಿಸಿದ್ರು ಅಂತ ಓದಿದವರು ಅದಕ್ಕೆ ಬೈಬಹುದು, ನಾನಂತೂ ಬೈಯಲ್ಲ. ಸತ್ತವರು ಎದ್ದು ಬರ್ಲಿ ಅನ್ನೋ ಆಸೆ ಆ ಕಥೆ ನೋಡಿದ ಯಾವ ಪ್ರೇಕ್ಷಕನಿಗೆ ಇರಲ್ಲ ಹೇಳಿ? ಈ ಸಿನಿಮಾ ಸಾವಿಂದಾನೇ ಶುರು ಮಾಡಿ ಅದೇ ಆಸೇನ ಹಿಡ್ಕೊಂಡು ಹೋಗುತ್ತೆ, ಅದಕ್ಕೇ ಇದು ಬರೀ ಹೆಸರಿನ ಆಟ ಆಗದೆ ಉಳ್ಕೊಂಡಿದೆ.

ಹಾಡುಗಳ ಬಗ್ಗೆ ಹೇಳ್ಲೇಬೇಕು. ವಿಮಾನದೊಳಗೆ ಇಷ್ಟೊಂದು ರೆಕಾರ್ಡ್ ಯಾಕೆ ಇಟ್ಕೊಂಡಿದೀಯ, ಐಪಾಡ್ ಹಾಕೋಕೆ ಬರಲಿಲ್ವಾ ಅಂತ ಜೂಲಿ ಕೇಳ್ತಾಳೆ. ಆರ್ ತಡವರಿಸ್ಕೊಂಡು ಇದರ ಸೌಂಡ್ ಚೆನ್ನಾಗಿದೆ, ಇದಕ್ಕೆ ಜೀವ ಜಾಸ್ತಿ ಇದೆ ಅನ್ನೋ ಅರ್ಥ ಬರೋ ಹಾಗೆ ಒಂದೆರಡು ಪದ ಹೇಳ್ತಾನೆ. ಸತ್ತವನ ಬಾಯಲ್ಲಿ ಆ ಮಾತು ಬರ್ಸಿದಾರಲ್ಲ, ಎಷ್ಟು ಸರಳವಾಗಿ ಬರೆದಿದಾರೆ. ಮಾತು ಬರದವನು ಹಾಡು ಹಾಕಿ ಮಾತಾಡ್ತಾನೆ, ಜಾನ್ ವೇಟ್, ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಬಾಬ್ ಡಿಲನ್, ಗನ್ಸ್ ಎನ್ ರೋಸಸ್, ಎಲ್ಲ 70-80ರ ದಶಕದ ಹಾಡುಗಳೇ ಜಾಸ್ತಿ. ಹಿನ್ನೆಲೆ ಸಂಗೀತ ಮಾರ್ಕೊ ಬೆಲ್ಟ್ರಾಮಿ ಮತ್ತೆ ಬಕ್ ಸ್ಯಾಂಡರ್ಸ್. ಮನೇಲಿ ಟಿವಿ ಸ್ಪೀಕರಲ್ಲೇ ಕೇಳ್ಬೇಡಿ, ಸಣ್ಣ ಸೌಂಡ್‌ಬಾರ್ ಆದ್ರೂ ಇರ್ಲಿ, ಇಲ್ಲಾಂದ್ರೆ ಒಳ್ಳೇ ಹೆಡ್‌ಫೋನ್, ಯಾಕಂದ್ರೆ ಆರ್‌ನ ಒಳದನಿ, ಹೊರಗಿನ ಗುರುಗುಟ್ಟೋ ಸದ್ದು, ಹಿಂದೆ ಓಡೋ ಹಾಡು ಈ ಮೂರೂ ಬೇರೆ ಬೇರೆಯಾಗಿ ಕೇಳಿಸಿದ್ರೇನೆ ಮಜಾ.

ಕೊರತೆ ಇಲ್ವಾ ಅಂದ್ರೆ ಇದೆ. ದೊಡ್ಡದು ಅಂದ್ರೆ ಬೋನೀಸ್. ಆಸೆ ಪೂರ್ತಿ ಬಿಟ್ಟು ತಮ್ಮ ಚರ್ಮ ತಾವೇ ಕಿತ್ತು ಹಾಕಿ ಬರೀ ಅಸ್ಥಿಪಂಜರ ಆಗಿರೋ ಜಾಂಬಿಗಳು ಇವು, ಐಡಿಯಾ ಭಯಂಕರವಾಗಿದೆ, ಬರವಣಿಗೆಯಲ್ಲಿ ಓದಿದ್ರೆ ನಡುಕ ಬರ್ಬೇಕು. ಪರದೆ ಮೇಲೆ ಮಾತ್ರ ಕಂಪ್ಯೂಟರ್ ಗ್ರಾಫಿಕ್ಸ್ ಅನ್ನೋದು ಎದ್ದು ಕಾಣುತ್ತೆ, ಓಡಿ ಬಂದಾಗ ನೆಲದ ಮೇಲೆ ಕಾಲೇ ಇಟ್ಟಿಲ್ವೇನೋ ಅನ್ಸುತ್ತೆ. ಬ್ಲೂ-ರೇಯಲ್ಲಿ ಚಿತ್ರ ಇನ್ನೂ ಸ್ಪಷ್ಟ ಇರೋದ್ರಿಂದ ಆ ದೋಷ ಇನ್ನೂ ಜಾಸ್ತಿ ಕಾಣುತ್ತೆ, ಇದು ನಿಜ. ಎರಡನೇದು ಜೂಲಿ ಅಪ್ಪ, ಜನರಲ್ ಗ್ರಿಜಿಯೋ. ಜಾನ್ ಮಾಲ್ಕೊವಿಚ್‌ನಂಥ ನಟನ್ನ ಕರ್ಕೊಂಡು ಬಂದು ಗನ್ ಹಿಡ್ಕೊಂಡು ಕೂಗೋ ಕೆಲಸ ಕೊಟ್ಟಿದಾರೆ, ಹೆಂಡ್ತಿ ಕಳ್ಕೊಂಡು ಮಗಳನ್ನ ಗೋಡೆ ಒಳಗೆ ಇಟ್ಕೊಂಡಿರೋ ಅಪ್ಪನ ದುಃಖಕ್ಕೆ ಎರಡು ಸೀನ್ ಆದ್ರೂ ಕೊಡ್ಬೇಕಿತ್ತು. ಇನ್ನೊಂದು, ನಿನ್ನ ಹುಡುಗನ್ನ ತಿಂದವನು ನಾನೇ ಅಂತ ಆರ್ ಒಪ್ಕೊಂಡಮೇಲೆ ಜೂಲಿ ಮನಸ್ಸಲ್ಲಿ ಏನೇನಾಯ್ತು ಅನ್ನೋದನ್ನ ಸಿನಿಮಾ ತುಂಬಾ ಬೇಗ ದಾಟಿ ಹೋಗುತ್ತೆ. ಅವಳು ಬಿಟ್ಟು ಹೋಗ್ತಾಳೆ ಸರಿ, ಆದ್ರೆ ಆ ಸಿಟ್ಟು, ಆ ನೋವು ಪರದೆ ಮೇಲೆ ನಿಲ್ಲಲ್ಲ. ಪೆರಿ ಪಾತ್ರಕ್ಕೆ ಡೇವ್ ಫ್ರ್ಯಾಂಕೊ ನೆನಪುಗಳಲ್ಲೇ ಒಂದು ಜೀವ ತುಂಬಿದಾನೆ, ಹಾಗಾಗಿ ಈ ಅವಸರ ಅವನಿಗೂ ಅನ್ಯಾಯ ಮಾಡಿದಂಗೆ ನನಗೆ ಕಾಣುತ್ತೆ. 98 ನಿಮಿಷದ ಸಿನಿಮಾ, ಇನ್ನೊಂದು ಹತ್ತು ನಿಮಿಷ ಇದಕ್ಕೆ ಅಂತ ಕೊಟ್ಟಿದ್ರೆ ಯಾರೂ ಬೇಡ ಅಂತಿರಲಿಲ್ಲ.

ಈಗ ಡಿಸ್ಕ್ ವಿಷಯ. ಚಿತ್ರದ ಬಣ್ಣ ನೋಡೋಕಾದ್ರೂ ಬ್ಲೂ-ರೇ ತಗೊಳ್ಳಿ ಅಂತೀನಿ. ಕ್ಯಾಮೆರಾ ಹಾವಿಯರ್ ಅಗಿರೆಸರೋಬೆ, ಸ್ಪೇನ್‌ನವರು. ಶುರುವಲ್ಲಿ ಎಲ್ಲ ಬೂದಿ ಬೂದಿ, ನೀಲಿ ಮಿಶ್ರ, ರಕ್ತ ಕೂಡ ಕಂದು ಬಣ್ಣಕ್ಕೆ ತಿರುಗಿರುತ್ತೆ. ಆರ್ ಎದೆ ಬೆಚ್ಚಗಾಗ್ತಾ ಹೋದಂಗೆ ಚಿತ್ರದ ಬಣ್ಣನೂ ಬೆಚ್ಚಗಾಗುತ್ತೆ, ಅವನ ಹೂಡಿಯ ಕೆಂಪು, ಜೂಲಿ ಕೂದಲು, ಬಿಸಿಲು ಎಲ್ಲ ಸ್ವಲ್ಪ ಸ್ವಲ್ಪವೇ ಮೇಲೆ ಬರುತ್ತೆ. ಈ ಬದಲಾವಣೆ ಎಷ್ಟು ನಿಧಾನ ಅಂದ್ರೆ ನೆಟ್ ಸ್ಲೋ ಇದ್ದು ಚಿತ್ರ ಮಸುಕಾಗೋ ಸ್ಟ್ರೀಮಿಂಗಲ್ಲಿ ಇದು ಗಮನಕ್ಕೇ ಬರಲ್ಲ. ಕತ್ತಲ ಸೀನುಗಳೂ ಅಷ್ಟೇ, ವಿಮಾನದೊಳಗಿನ ಸಣ್ಣ ದೀಪಗಳ ಬೆಳಕಲ್ಲಿ ಆರ್ ಮುಖದ ಮೇಲಿನ ನೀಲಿ ನರ ಒಂದೊಂದೂ ಕಾಣುತ್ತೆ, ಮೇಕಪ್ ಮಾಡಿದವರ ಕೈಗೆ ದೊಡ್ಡ ನಮಸ್ಕಾರ.

ಏರ್‌ಪೋರ್ಟ್ ಬಗ್ಗೆ ಒಂದು ವಿಷಯ. ಅದು ಸೆಟ್ ಅಲ್ಲ, ಮಾಂಟ್ರಿಯಲ್ ಹತ್ರದ ಮಿರಾಬೆಲ್ ವಿಮಾನ ನಿಲ್ದಾಣ. 1975ರಲ್ಲಿ ಶುರು ಆದಾಗ ಜಾಗದ ಲೆಕ್ಕದಲ್ಲಿ ಪ್ರಪಂಚದಲ್ಲೇ ದೊಡ್ಡದು ಅನ್ನಿಸ್ಕೊಂಡಿತ್ತು, ಊರಿಂದ ದೂರ ಆಯ್ತು ಅಂತ ಜನ ಹೋಗ್ಲಿಲ್ಲ, ಕೊನೆಗೆ 2004ರಲ್ಲಿ ಪ್ರಯಾಣಿಕರ ವಿಮಾನ ಪೂರ್ತಿ ನಿಂತೋಯ್ತು. ಅದಾದ ಮೇಲೆ ಖಾಲಿ ಬಿದ್ದಿದ್ದ ಟರ್ಮಿನಲ್‌ನಲ್ಲಿ ಇವರು ಶೂಟ್ ಮಾಡಿದ್ರು, 2014ರಲ್ಲಿ ಆ ಕಟ್ಟಡ ಕೆಡವೋಕೆ ಶುರು ಮಾಡಿದ್ರು. ಅಂದ್ರೆ ನಾವು ಈ ಸಿನಿಮಾದಲ್ಲಿ ನೋಡೋ ಆ ಉದ್ದುದ್ದ ಗಾಜಿನ ಹಾಲ್‌ಗಳು ಈಗ ಇಲ್ವೇ ಇಲ್ಲ. ಯಾರೂ ಬರದ ಕಡೆ ವಿಮಾನ ಕಾಯೋ ಥರ ಜಾಂಬಿಗಳು ಸಾಲಾಗಿ ನಿಂತಿರೋದು ಕಲ್ಪನೆ ಇರ್ಬಹುದು, ಆದ್ರೆ ಆ ಖಾಲಿತನ ನಿಜವಾದ್ದು, ಸೆಟ್ ಹಾಕಿದ್ರೆ ಅದು ಬರ್ತಿರಲಿಲ್ಲ.

ಡಿಸ್ಕಲ್ಲಿರೋ ಎಕ್ಸ್‌ಟ್ರಾಗಳು ಕಾಟಾಚಾರಕ್ಕೆ ಹಾಕಿದ್ದಲ್ಲ. ನನಗೆ ಎಲ್ಲಕ್ಕಿಂತ ಬೆಲೆಬಾಳೋದು ಅಂದ್ರೆ ಆಡಿಯೋ ಕಾಮೆಂಟರಿ, ಅಂದ್ರೆ ಸಿನಿಮಾ ಓಡ್ತಿರೋವಾಗ್ಲೇ ಅದರ ಬಗ್ಗೆ ಮಾಡಿದವರು ಮಾತಾಡೋದು, ಲೆವೀನ್, ಹೋಲ್ಟ್, ಪಾಮರ್ ಮೂವರೂ ಒಟ್ಟಿಗೆ ಕೂತು ಮಾತಾಡಿದಾರೆ. ಸಿನಿಮಾದಲ್ಲಿ ಗುರುಗುಟ್ಟೋ ಹುಡುಗ ಇಲ್ಲಿ ತನ್ನ ಸ್ವಂತ ಬ್ರಿಟಿಷ್ ದನಿಯಲ್ಲಿ ಆರಾಮಾಗಿ ಹರಟೋದನ್ನ ಕೇಳೋದೇ ಒಂದು ಖುಷಿ. ಡಿಲೀಟೆಡ್ ಸೀನ್ಸ್ ಇದೆ, ಅದಕ್ಕೂ ಲೆವೀನ್ ಕಾಮೆಂಟರಿ ಹಾಕ್ಕೊಂಡು ನೋಡ್ಬಹುದು, ಎಡಿಟಿಂಗಲ್ಲಿ ಆಸಕ್ತಿ ಇರೋ ಹುಡುಗರು, ಶಾರ್ಟ್ ಫಿಲ್ಮ್ ಮಾಡ್ತಿರೋರು ಇದನ್ನ ತಪ್ಪದೇ ನೋಡಿ, ಚೆನ್ನಾಗಿ ಬಂದ ಸೀನನ್ನೂ ಡೈರೆಕ್ಟರ್ ಯಾಕೆ ಬಿಟ್ಟುಬಿಡ್ತಾನೆ ಅನ್ನೋದು ಇಲ್ಲಿ ಅರ್ಥ ಆಗುತ್ತೆ. ಇನ್ನು ಕಾದಂಬರಿ ಹುಟ್ಟಿದ ಕಥೆ, ನಟರ ಆಯ್ಕೆ, ಮೇಕಪ್, ಲೊಕೇಶನ್, ಬಂದೂಕು ಹೊಡೆದಾಟ, ಬೋನೀಸ್ ಗ್ರಾಫಿಕ್ಸ್ ಹೀಗೆ ಒಂದೊಂದಕ್ಕೂ ಬೇರೆ ಬೇರೆ ವಿಡಿಯೋ ಇದೆ. ಮೇಕಪ್‌ದು ಮತ್ತೆ ಲೊಕೇಶನ್‌ದು ಮೊದ್ಲು ನೋಡಿ, ಬಂದೂಕಿನದ್ದು ಬಿಟ್ರೂ ನಷ್ಟ ಇಲ್ಲ. ತೆರೇಸಾ ಪಾಮರ್ ಶೂಟಿಂಗ್ ಟೈಮಲ್ಲಿ ತಾನೇ ಹಿಡಿದ ಹೋಂ ವಿಡಿಯೋಗಳಿವೆ, ಅದರಲ್ಲಿ ಜಾಂಬಿ ಮೇಕಪ್ ಹಾಕ್ಕೊಂಡಿರೋ ಸೆಟ್ ಜನರ ಮಧ್ಯೆ ನಾವೇ ಓಡಾಡಿದಂಗೆ ಇರುತ್ತೆ. ರಾಬ್ ಕಾರ್ಡ್ರಿ ಜಾಂಬಿ ಆಕ್ಟಿಂಗ್ ಪಾಠ ಹೇಳ್ಕೊಡೋ ತುಣುಕು ನೋಡಿ ನಗ್ದೇ ಇರೋಕೆ ಸಾಧ್ಯ ಇಲ್ಲ, ಶೂಟಿಂಗಲ್ಲಿ ಆದ ತಮಾಷೆ ಎಡವಟ್ಟುಗಳ ಗ್ಯಾಗ್ ರೀಲ್‌ನೂ ಬಿಡ್ಬೇಡಿ. ಇಷ್ಟೆಲ್ಲ ಸ್ಟ್ರೀಮಿಂಗಲ್ಲಿ ಸಿಗಲ್ಲ, ಅಲ್ಲಿ ಸಿನಿಮಾ ಮುಗಿದ ತಕ್ಷಣ ಬೇರೆ ಯಾವ್ದೋ ಶುರು ಆಗ್ಬಿಡುತ್ತೆ, ಈ ಜನ ಇಷ್ಟು ಪ್ರೀತಿಯಿಂದ ಮಾಡಿದ ಕೆಲಸ ಯಾರಿಗೂ ಕಾಣದೇ ಹೋಗುತ್ತೆ, ಅದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ತಗೊಳ್ಳೋರಿಗೆ ಕೆಲವು ಮಾತು. ಅಮೆರಿಕದಲ್ಲಿರೋ ಅಣ್ಣ ಅಕ್ಕ ಯಾರ ಕೈಲಾದ್ರೂ ತರಿಸ್ಕೊಳ್ಳೋದಾದ್ರೆ ಯಾವ ದೇಶದ ಪ್ಲೇಯರಲ್ಲಿ ಡಿಸ್ಕ್ ಓಡುತ್ತೆ ಅಂತ ಹೇಳೋ ರೀಜನ್ ಕೋಡ್ ಮೊದ್ಲೇ ನೋಡ್ಕೊಳ್ಳಿ. ಬ್ಲೂ-ರೇಗೆ ಅಮೆರಿಕ ಎ ರೀಜನ್, ಭಾರತ ಸಿ. ಡಿವಿಡಿಗೆ ಅಮೆರಿಕ 1, ಭಾರತ 5. ನಿಮ್ಮ ಪ್ಲೇಯರ್ ಎಲ್ಲಾ ರೀಜನ್ ಓದುತ್ತಾ ಅಂತ ಖಚಿತ ಮಾಡ್ಕೊಂಡೇ ದುಡ್ಡು ಹಾಕಿ. ಸೆಕೆಂಡ್ ಹ್ಯಾಂಡ್ ಡಿಸ್ಕ್ ಮಾರೋರು ಡಿಜಿಟಲ್ ಕಾಪಿ ಕೋಡ್ ಇದೆ ಅಂತ ಹೇಳಿ ಜಾಸ್ತಿ ಕೇಳಿದ್ರೆ ಕೊಡ್ಬೇಡಿ, ಆ ಕೋಡ್ ಹಾಕಿ ಸಿನಿಮಾನ ನೆಟ್ಟಲ್ಲಿ ನೋಡೋಕೆ ಇದ್ದ ಆ ಕಾಲದ ಅಲ್ಟ್ರಾವಯೊಲೆಟ್ ಸೇವೆ 2019ರಲ್ಲೇ ಮುಚ್ಚೋಗಿದೆ, ಆ ಚೀಟಿ ನಂಬ್ಕೊಂಡು ಒಂದ್ರೂಪಾಯಿ ಜಾಸ್ತಿ ಕೊಡೋ ಹಾಗಿಲ್ಲ. ಡಿಸ್ಕ್ ಮೇಲೆ ಗೀರು ಇಲ್ದೇ ಇದ್ರೆ ಸಾಕು. ಕನ್ನಡ ಸಬ್‌ಟೈಟಲ್ ಇಲ್ಲ, ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ಮನೇಲಿ ಇಂಗ್ಲಿಷ್ ಅಷ್ಟು ಬರದೇ ಇರೋರಿಗೆ ಮೊದಲ ಹತ್ತು ನಿಮಿಷ ಆರ್ ಏನು ಯೋಚ್ನೆ ಮಾಡ್ತಿದಾನೆ ಅಂತ ಪಕ್ಕದಲ್ಲಿ ಕೂತು ಹೇಳ್ತಾ ಹೋಗಿ, ಆಮೇಲೆ ಅವರಿಗೇ ಗೊತ್ತಾಗುತ್ತೆ, ಮುಖ ಮೈ ನೋಡಿದ್ರೆ ಸಾಕು.

ಮಕ್ಕಳ ಜೊತೆ ನೋಡ್ಬಹುದಾ ಅಂದ್ರೆ, ಅಮೆರಿಕದಲ್ಲಿ ಪಿಜಿ-13 ಸರ್ಟಿಫಿಕೇಟ್ ಕೊಟ್ಟಿದಾರೆ, ಅಂದ್ರೆ ಹದಿಮೂರಕ್ಕಿಂತ ಚಿಕ್ಕವರಿಗೆ ತೋರ್ಸೋ ಮುಂಚೆ ಅಪ್ಪ ಅಮ್ಮ ಯೋಚ್ನೆ ಮಾಡ್ಬೇಕು ಅಂತ. ಮಿದುಳು ತಿನ್ನೋ ಸೀನ್ ಇದೆ ಆದ್ರೆ ಅದನ್ನ ಹಸಿಹಸಿಯಾಗಿ ತೋರ್ಸಲ್ಲ, ಕ್ಯಾಮೆರಾ ಹೆಚ್ಚಾಗಿ ಆರ್ ಮುಖದ ಮೇಲೇ ಇರುತ್ತೆ. ಹೈಸ್ಕೂಲ್ ಮಕ್ಕಳಿಗೆ ತೊಂದ್ರೆ ಇಲ್ಲ, ಅದಕ್ಕಿಂತ ಚಿಕ್ಕವರು ಬೋನೀಸ್ ಓಡಿ ಬರೋದನ್ನ ನೋಡಿ ರಾತ್ರಿ ಹೆದರ್ಬಹುದು. ಪಕ್ಕಾ ಹಾರರ್ ಬೇಕು, ರಕ್ತ ಚಿಮ್ಮಬೇಕು ಅನ್ನೋರಿಗೆ ಇದು ಸಪ್ಪೆ ಅನ್ಸುತ್ತೆ, ಅವರಿಗೆ ನಾನು ಒತ್ತಾಯ ಮಾಡಲ್ಲ. ಹದಿಹರೆಯದ ಮಗ ಮಗಳು ರೂಮ್ ಬಾಗ್ಲು ಹಾಕ್ಕೊಂಡು ಕೂತು ಏನ್ ಕೇಳಿದ್ರೂ ಭುಜ ಕುಣಿಸಿ ಸುಮ್ಮನಾಗೋ ಮನೆಗಳಿದ್ದಾವಲ್ಲ, ಆ ಅಪ್ಪ ಅಮ್ಮಂದಿರು ಇದನ್ನ ತಪ್ಪದೇ ನೋಡ್ಬೇಕು. ಕಾಮೆಂಟರಿ ಮಾತ್ರ ಮೊದಲ ಸಲವೇ ಹಾಕ್ಬೇಡಿ. ಒಮ್ಮೆ ಸಿನಿಮಾ ಪೂರ್ತಿ ನೋಡಿ, ಆಮೇಲೆ ಮೇಕಪ್ ವಿಡಿಯೋ, ಇನ್ನೊಂದಿನ ಕಾಮೆಂಟರಿ ಹಾಕ್ಕೊಂಡು ಮತ್ತೆ ಮೊದಲಿಂದ ನೋಡಿ.